ವೂಫರ್ ಅಂಚು ಬದಲಿಸುವ ಕೈಪಿಡಿ (ಮಲೆನಾಡಿನ ಆವೃತ್ತಿ)

ಎಲ್ಲ ಕೈಪಿಡಿಗಳೂ ‘ಈ ಉತ್ಪನ್ನವನ್ನು ಆಯ್ಕೆ ಮಾಡಿಕೊಂಡದ್ದಕ್ಕೆ ಅಭಿನಂದನೆಗಳು’ ಎಂದೇ ಶುರುವಾಗುತ್ತವೆ. ನಮ್ಮ ಮನೆಯ ಸ್ಪೀಕರನ್ನು ನಾವು ಯಾರೂ ಆಯ್ಕೆ ಮಾಡಿಕೊಂಡಿರಲಿಲ್ಲ. 1993ರ ಡಿಸೆಂಬರಿನಲ್ಲಿ ಶಿಕಾಗೋದಿಂದ ಬಂದ ಅಕ್ಕ-ಭಾವ, ತಾವು ಎರಡು ವರ್ಷ ಕೇಳಿ ಬಿಟ್ಟ ಒಂದು ಜೊತೆ ಸ್ಪೀಕರು, ಒಂದು ಆಂಪ್ಲಿಫೈಯರು, ಆರು ಡಬ್ಬಿ ಪೀನಟ್ ಬಟರು ತಂದು ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ಇಳಿಸಿದರು. ಆಂಪ್ಲಿಫೈಯರು 110 ವೋಲ್ಟಿನದು. ಅದನ್ನು ನಮ್ಮ 230ರ ಪ್ಲಗ್ಗಿಗೆ ಚುಚ್ಚಿದವನು ನಾನು. ಒಮ್ಮೆ ‘ಟಪ್’ ಎಂದಿತು, ಸುಟ್ಟ ವಾಸನೆ ಬಂತು, ಭಾವ ಏನೂ ಹೇಳಲಿಲ್ಲ. ಪೀನಟ್ ಬಟರು ನಾಯಿಯ ಪಾಲಾಯಿತು. ಉಳಿದದ್ದು ಸ್ಪೀಕರು ಮಾತ್ರ. ಅದಕ್ಕೆ ಯಾವ ದೇಶದ ಕರೆಂಟಾದರೂ ಒಂದೇ. ಆಂಪ್ಲಿಫೈಯರು ಬಡಿಸಿದ್ದನ್ನು ಉಣ್ಣುವ ಸಾಧು ಪ್ರಾಣಿ.

ಈ ಕೈಪಿಡಿಯನ್ನು ನಿಜಕ್ಕೆ ಆ ಸ್ಪೀಕರು ಮಾಡಿದವರು ಬರೆಯಬೇಕಿತ್ತು. ಅವರು ಕೊಟ್ಟ ಪುಸ್ತಕದಲ್ಲಿ ‘ಪೆಟ್ಟಿಗೆಯ ಮೇಲೆ ಹೂದಾನಿ ಇಡಬೇಡಿ’ ಎಂದು ಆರು ಭಾಷೆಯಲ್ಲಿ ಇದೆ. ಒಳಗಿನ ಅಂಚು ಹದಿನೈದು ವರ್ಷಕ್ಕೆ ಪುಡಿಪುಡಿಯಾಗುತ್ತದೆ ಎಂದು ಒಂದು ಭಾಷೆಯಲ್ಲೂ ಇಲ್ಲ. ಹಾಗಾಗಿ ಆ ಏಳನೆಯ ಭಾಷೆಯ ಭಾಗವನ್ನು ನಾನೇ ಬರೆಯುತ್ತಿದ್ದೇನೆ.

ರೋಗಲಕ್ಷಣ

ಸ್ಪೀಕರಿನ ಮುಂದಿರುವ ಬಟ್ಟೆಯ ಚೌಕಟ್ಟನ್ನು ಮೆಲ್ಲಗೆ ಕಿತ್ತು ನೋಡಿ. ಕೆಳಗಿರುವ ದೊಡ್ಡ ತಟ್ಟೆ ವೂಫರು. ನಡುವೆ ಕಾಗದದ ಕೋನು, ಹೊರಗೆ ಕಬ್ಬಿಣದ ಬಾಂಡಲೆಯಂಥ ಫ್ರೇಮು. ಇವೆರಡನ್ನೂ ಕೂಡಿಸುವ, ಸೀಳಿದ ಹೋಸ್ ಪೈಪಿನ ಹಾಗೆ ಉಬ್ಬಿಕೊಂಡ, ಮೆತ್ತನೆಯ ಕಪ್ಪು ಬಳೆಯೊಂದು ಸುತ್ತ ಇರಬೇಕು. ಪುಸ್ತಕಗಳಲ್ಲಿ ಅದು ಸರೌಂಡ್. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಫೋಮ್ ಎಡ್ಜ್. ನಾವು ಅಂಚು ಎನ್ನೋಣ. ಅಂಚು ಇರಬೇಕಾದಲ್ಲಿ ಅಂಚು ಇದ್ದರೆ ಬಟ್ಟೆ ಮುಚ್ಚಿಟ್ಟು ಈ ಕೈಪಿಡಿಯನ್ನು ಪಕ್ಕದ ಮನೆಯವರಿಗೆ ಕೊಡಿ. ಯಾವ ಕಾರಣಕ್ಕೂ ಬೆರಳಲ್ಲಿ ಒತ್ತಿ ನೋಡಬೇಡಿ. (ಒತ್ತುತ್ತೀರಿ. ಎಲ್ಲರೂ ಒತ್ತುತ್ತಾರೆ. ಬೆರಳು ಆಚೆ ಹೋದ ಮೇಲೆ ಮುಂದಿನ ಸಾಲಿಗೆ ಬನ್ನಿ.)

ನಮ್ಮಲ್ಲಿ ರೋಗ ಗೊತ್ತಾದದ್ದು ಕಿವಿಯಿಂದಲ್ಲ, ಹಿಡಿಯಿಂದ. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಎಡಗಡೆ ಸ್ಪೀಕರಿನ ಕೆಳಗೆ ಕಾಫಿ ಚರಟದಂಥ ಕಪ್ಪು ಪುಡಿ ಬಿದ್ದಿರುತ್ತಿತ್ತು. “ರೀ, ಇದು ವರಲೆಯೋ ಹಲ್ಲಿ ಹಿಕ್ಕೆಯೋ ನೋಡಿ ಒಂದ್ಸಲ” ಎಂದಳು ಹೆಂಡತಿ. ನಾನು ಪರಿಣತನಂತೆ ಮೂಸಿ ನೋಡಿ ವರಲೆ ಎಂದು ತೀರ್ಪು ಕೊಟ್ಟು, ಪೆಟ್ಟಿಗೆಯ ಬುಡಕ್ಕೆ ಸೀಮೆಎಣ್ಣೆ ಒರೆಸಿದೆ. ಪುಡಿ ಬೀಳುವುದು ನಿಲ್ಲಲಿಲ್ಲ. ಎರಡು ತಿಂಗಳ ಮೇಲೆ ಬಟ್ಟೆ ಕಿತ್ತು ನೋಡಿದರೆ ಕೋನು ಗಾಳಿಯಲ್ಲಿ ತೂಗುತ್ತಿದೆ, ಸುತ್ತ ಒಂದು ಬೆರಳು ಹೋಗುವಷ್ಟು ಕಂದಕ.

ಕಿವಿಗೆ ಯಾಕೆ ತಿಳಿಯಲಿಲ್ಲ ಎಂದರೆ, ಅದು ಹೋಗುವುದೇ ಹಾಗೆ. ಅಂಚಿಗೆ ಕೆಲಸ ಎರಡು. ಕೋನು ಮುಂದೆ ಹಿಂದೆ ಓಡುವಾಗ ಅತ್ತಿತ್ತ ವಾಲದಂತೆ ಹಿಡಿದಿರುವುದು ಒಂದು. ಮುಂದಿನ ಗಾಳಿ ಹಿಂದಿನ ಗಾಳಿಯನ್ನು ಸೇರದಂತೆ ಬಾಗಿಲು ಹಾಕಿರುವುದು ಇನ್ನೊಂದು. ಕೋನು ಮುಂದಕ್ಕೆ ಗಾಳಿ ನೂಕಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ಅಂಚು ಹರಿದರೆ ನೂಕಿದ ಗಾಳಿ ಆ ಸಂದಿಯಿಂದಲೇ ಹಿಂದೆ ನುಸುಳಿ ಲೆಕ್ಕ ಚುಕ್ತಾ ಮಾಡಿಬಿಡುತ್ತದೆ, ಶಬ್ದ ಕೋಣೆಗೆ ಬರುವುದೇ ಇಲ್ಲ. ಹೀಗೆ ಚುಕ್ತಾ ಆಗುವುದು ತಗ್ಗು ಸ್ವರಗಳು ಮಾತ್ರ. ಹಾಡುವವರ ದನಿ, ಪಿಟೀಲು, ತಾಳ ಎಲ್ಲ ಹಾಗೇ ಇರುತ್ತವೆ. ಭೀಮಸೇನ ಜೋಶಿಯವರ ದಾಸವಾಣಿಯಲ್ಲಿ ದನಿಗೆ ಏನೂ ಆಗಿರಲಿಲ್ಲ. ತಬಲಾ ಜೋಡಿಯಲ್ಲಿ ಡಗ್ಗಾ ಮಾತ್ರ ವರ್ಷಕ್ಕಿಷ್ಟು ಎಂದು ಮನೆ ಖಾಲಿ ಮಾಡುತ್ತಿತ್ತು. ಅದು ಯಾವ ವರ್ಷ ಪೂರ್ತಿ ಹೊರಟುಹೋಯಿತು ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಅಪ್ಪಯ್ಯನಿಗೆ ಈಗ ಎಂಬತ್ತನಾಲ್ಕು. ವಯಸ್ಸಾದ ಕಿವಿಯಲ್ಲಿ ಮೊದಲು ಹೋಗುವುದು ಕೀರಲು ಸ್ವರಗಳು. ಮೇಲಿನದನ್ನು ವಯಸ್ಸು ತೆಗೆದುಕೊಂಡಿತ್ತು, ಕೆಳಗಿನದನ್ನು ಫೋಮು ತೆಗೆದುಕೊಂಡಿತ್ತು. ಅವರ ಪಾಲಿನ ಸಂಗೀತಕ್ಕೆ ಅಟ್ಟವೂ ಇಲ್ಲ, ನೆಲಮಾಳಿಗೆಯೂ ಇಲ್ಲ, ನಡುಮನೆಯೊಂದೇ. “ಈಗಿನ ರೆಕಾರ್ಡಿಂಗು ಚಂದ ಇಲ್ಲ ಮಾರಾಯ” ಎನ್ನುತ್ತಿದ್ದರು. ಆ ಕ್ಯಾಸೆಟ್ಟು ತಂದವರೇ ಅವರು, ಮೂವತ್ತು ವರ್ಷದ ಹಿಂದೆ.

ಕಾರಣ

ಫೋಮು ಎಂದರೆ ಪಾಲಿಯುರಿಥೇನ್. ಅದರಲ್ಲಿ ಎಸ್ಟರ್ ಜಾತಿ, ಈಥರ್ ಜಾತಿ ಎಂದು ಎರಡು ಒಳಪಂಗಡ. ಎಸ್ಟರಿಗೆ ತೇವ ಆಗಿಬರುವುದಿಲ್ಲ. ಗಾಳಿಯಲ್ಲಿನ ನೀರು ಒಳಹೊಕ್ಕು ಅದರ ಉದ್ದನೆಯ ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಕಡಿದಲ್ಲಿ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮುಂದಿನ ಕೊಂಡಿ ಕಡಿಯಲು ನೀರಿಗೇ ಸಹಾಯಕ್ಕೆ ನಿಲ್ಲುತ್ತದೆ. ಅಂದರೆ ಒಮ್ಮೆ ಶುರುವಾದರೆ ದಿನದಿಂದ ದಿನಕ್ಕೆ ಜೋರು. ಬಿಸಿಲೂ ಓಝೋನೂ ಬೇರೆ ಸೇರಿಕೊಳ್ಳುತ್ತವೆ. ‘ನಾವು ಹಾಕೋದೇ ಇಲ್ಲ, ಮುಚ್ಚಿಟ್ಟಿದ್ದೇವೆ, ಹೊಸದರ ಹಾಗಿದೆ’ ಎಂದು ಬೀಗುವವರೂ ಬಟ್ಟೆ ಕಿತ್ತು ನೋಡಲಿ. ಮದುವೆಗೆಂದು ತೆಗೆದ ಶೂವನ್ನು ಪೆಟ್ಟಿಗೆಯಲ್ಲಿ ಜೋಪಾನ ಮಾಡಿ, ಹತ್ತು ವರ್ಷದ ಮೇಲೆ ಇನ್ನೊಂದು ಮದುವೆಗೆ ಹಾಕಿಕೊಂಡು ಹೊರಟರೆ ಛತ್ರದ ಮೆಟ್ಟಿಲಲ್ಲಿ ಅಟ್ಟೆ ಮುರುಕಿನ ಹಾಗೆ ಪುಡಿಯಾಗುತ್ತದಲ್ಲ, ಅದೂ ಪಾಲಿಯುರಿಥೇನೇ, ಅದೂ ಇದೇ ರೋಗ. ನಮ್ಮದು ಆಗುಂಬೆಯ ತಾಲೂಕು. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರು ಮೀರಿ ಮಳೆ. ಉಪ್ಪಿನ ಭರಣಿಯಲ್ಲಿ ನೀರು ಜಿನುಗುವ, ಬೆಲ್ಟಿಗೆ ಬೂಷ್ಟು ಹಿಡಿಯುವ ಊರಿಗೆ ಯಾರೋ ಸ್ಪಂಜಿನ ಬಳೆ ತೊಡಿಸಿದ ಯಂತ್ರ ಕಳಿಸಿದ್ದರು.

ಇದರ ಮೂಲಪುರುಷರನ್ನು ಬೈಯುವ ಹಾಗೂ ಇಲ್ಲ. ಆಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕಾಗದದ ಕೋನು ಎಂಬ ಇವತ್ತಿನ ಸ್ಪೀಕರಿನ ಕಟ್ಟಡವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಆಗ ಅಂಚಿಗೆ ಬಿಗುಪು ಬೇಕಿತ್ತು, ಕೋನನ್ನು ಹಿಂದಕ್ಕೆ ಎಳೆದು ತರಲು. 1954ರಲ್ಲಿ ಎಡ್ಗರ್ ವಿಲ್‌ಚರ್ ಎಂಬಾತ ಅದನ್ನು ತಿರುವು ಮುರುವು ಮಾಡಿದ: ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗು, ಅಂಚು ಎಷ್ಟು ಸಡಿಲವಿದ್ದರೆ ಅಷ್ಟು ಒಳ್ಳೆಯದು. ಬೀರುವಿನಷ್ಟಿದ್ದ ಪೆಟ್ಟಿಗೆ ಪುಸ್ತಕದ ಕಪಾಟಿಗೆ ಬಂದು ಕೂತದ್ದು ಆ ಉಪಾಯದಿಂದ. ಆತನ ಕಂಪನಿ ಅಕೌಸ್ಟಿಕ್ ರಿಸರ್ಚ್ ಮೊದಮೊದಲು ಬಟ್ಟೆಯ ಅಂಚನ್ನೇ ಹಾಕುತ್ತಿತ್ತು. ಸಡಿಲ, ಹಗುರ, ಅಗ್ಗ ಮೂರೂ ಒಟ್ಟಿಗೆ ಸಿಕ್ಕ ಫೋಮು 1970ರ ದಶಕದಲ್ಲಿ ಎಲ್ಲರ ಮನೆ ಹೊಕ್ಕಿತು. ಇತ್ತ ನಮ್ಮ ಅಟ್ಟದಲ್ಲಿ ಅಜ್ಜನ ಕಾಲದ ಮರ್ಫಿ ರೇಡಿಯೋ ಇದೆ. ಅದರ ಸ್ಪೀಕರಿನ ಅಂಚು ಕೋನಿನದೇ ಕಾಗದ, ಬೀಸಣಿಗೆಯ ಹಾಗೆ ಮಡಿಕೆ ಮಾಡಿದ್ದು. ಇಲಿ ತಿಂದಷ್ಟು ಬಿಟ್ಟರೆ ಉಳಿದದ್ದು ಗಟ್ಟಿಮುಟ್ಟಾಗಿದೆ.

ಬೇಕಾಗುವ ಸಾಮಗ್ರಿ

ಹೊಸ ಅಂಚು, ಒಂದು ಜೊತೆ. ಒಂದೇ ಹಾಳಾಗಿದ್ದರೂ ಎರಡಕ್ಕೂ ಹಾಕಿ. ಒಂದು ಕಣ್ಣಿಗೆ ಮಾತ್ರ ಕಾಡಿಗೆ ಹಚ್ಚಿದ ಹಾಗೆ ಆಗಬಾರದು. ಸರ್ಜಿಕಲ್ ಸ್ಪಿರಿಟ್ ಒಂದು ಬಾಟಲಿ. ಫೆವಿಕಾಲ್. ಹೊಸ ಬ್ಲೇಡು. ಚಪ್ಪಟೆ ಚಾಕು, ಅಡುಗೆಮನೆಯದು, ಕೇಳದೇ ತಂದದ್ದು. ಒಂದೂವರೆ ವೋಲ್ಟಿನ ಸೆಲ್ಲು ಒಂದು, ಗೋಡೆ ಗಡಿಯಾರದಿಂದ. ಮನೆಯಲ್ಲಿ ಯಾರದಾದರೂ ಹಳೆಯ ಎಕ್ಸ್‌ರೇ.

ಬಟ್ಟೆ ಕ್ಲಿಪ್ಪು, 16. ಇದನ್ನು ಎಲ್ಲಕ್ಕಿಂತ ಕೊನೆಯಲ್ಲಿ ಬರೆದಿದ್ದೇನೆ, ಯಾಕೆಂದರೆ ಎಲ್ಲಕ್ಕಿಂತ ಕಷ್ಟದಲ್ಲಿ ಸಿಗುವುದು ಅದೇ. ನಾನು ಈ ಕೆಲಸಕ್ಕೆ ಕೈ ಹಾಕಿದ್ದು ಜುಲೈ ತಿಂಗಳಲ್ಲಿ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವವರು ಮಳೆ ಬಿಡಲಿ ಎಂದು ಕಾಯುತ್ತಿದ್ದರು, ನಾನು ಅವರನ್ನು ಕಾಯುತ್ತ ಜಗಲಿಯಲ್ಲಿ ಕೂತಿದ್ದೆ. ಮಲೆನಾಡಿನ ಜುಲೈಯಲ್ಲಿ ಒಂದೊಂದು ಕ್ಲಿಪ್ಪಿಗೂ ಒಂದೊಂದು ಒದ್ದೆ ಬಟ್ಟೆಯ ಹಕ್ಕು ಇರುತ್ತದೆ. “ಎಣಿಸಿ ತಗೊಳ್ಳಿ, ಎಣಿಸಿ ಕೊಡಿ” ಎಂಬ ಕರಾರಿನ ಮೇಲೆ ಹದಿನಾರು ಹಸಿರು ಕ್ಲಿಪ್ಪು ಮಂಜೂರಾದವು. ನೀವು ಬೇಸಿಗೆಯಲ್ಲಿ ಮಾಡಿ.

ಹಂತ 1: ಬಿಚ್ಚುವುದು

ಸುತ್ತ ಎಂಟು ಸ್ಕ್ರೂ. ಒಂದೊಂದೇ ತೆಗೆಯುತ್ತ ಬನ್ನಿ. ಇಲ್ಲಿ ಒಂದು ಎಚ್ಚರಿಕೆ ಇದೆ. ಇದೊಂದನ್ನು ನಗದೆ ಓದಬೇಕು. ವೂಫರಿನ ಬೆನ್ನಿಗೆ ರಾಗಿ ರೊಟ್ಟಿಯಷ್ಟು ದೊಡ್ಡ ಆಯಸ್ಕಾಂತ ಇದೆ. ಸ್ಕ್ರೂಡ್ರೈವರು ನಿಮ್ಮ ಕೈಯಲ್ಲಿದೆ ಎಂದು ನೀವು ತಿಳಿದಿರುತ್ತೀರಿ, ಆಯಸ್ಕಾಂತಕ್ಕೆ ಬೇರೆ ಅಭಿಪ್ರಾಯ ಇರುತ್ತದೆ. ಕೋನಿನ ಪಕ್ಕ ಸ್ವಲ್ಪ ಸಡಿಲ ಹಿಡಿದರೂ ಅದು ಚಂಗನೆ ಹಾರಿ ಕಾಗದವನ್ನು ತೂರಿಕೊಂಡು ಹೋಗಿ ಕಚ್ಚಿಕೊಳ್ಳುತ್ತದೆ. ನಮ್ಮ ಬಲಗಡೆ ವೂಫರಿನ ಕೋನಿನಲ್ಲಿ ಈಗ ಅಕ್ಕಿಕಾಳಿನಷ್ಟು ತೇಪೆ ಇದೆ. ಟಿಶ್ಯೂ ಕಾಗದ ಮತ್ತು ಫೆವಿಕಾಲಿನದು. ಕೇಳುವುದಕ್ಕೆ ಗೊತ್ತಾಗುವುದಿಲ್ಲ, ನೋಡಿದಾಗೆಲ್ಲ ನನಗೆ ಗೊತ್ತಾಗುತ್ತದೆ.

ವೂಫರನ್ನು ಮೇಲೆತ್ತುವ ಮುನ್ನ ಹಿಂದಿನ ಎರಡು ವಯರುಗಳಲ್ಲಿ ಯಾವುದು ಕೆಂಪು ಗುರುತಿಗೆ ಹೋಗಿದೆ ಎಂದು ಬರೆದಿಟ್ಟುಕೊಳ್ಳಿ. ‘ನೆನಪಿರುತ್ತೆ’ ಎನ್ನಬೇಡಿ. ಆಮೇಲೆ ಪೆಟ್ಟಿಗೆಯೊಳಗೆ ಟಾರ್ಚು ಬಿಟ್ಟು ನೋಡಿ. ನಮ್ಮದು ಮುಚ್ಚಿದ ಪೆಟ್ಟಿಗೆಯಲ್ಲ, ಹಿಂದೆ ಗಾಳಿಗೆಂದು ಕೊಳವೆ ಬಿಟ್ಟದ್ದು. ಎಡ ಪೆಟ್ಟಿಗೆಯ ಕೊಳವೆಯಲ್ಲಿ ಕುಂಬಾರ ಹುಳು ಮಣ್ಣು ತಂದು ಮೂರು ಅಂಕಣದ ಮನೆ ಕಟ್ಟಿತ್ತು. ಬಲಗಡೆಯದರಲ್ಲಿ ಹಲ್ಲಿಯ ಮೊಟ್ಟೆಯ ಸಿಪ್ಪೆ ನಾಲ್ಕು. ಸಂಗೀತ ಕೇಳುತ್ತ ಬೆಳೆದವು ಇಷ್ಟೂ.

ಹಂತ 2: ಅಳತೆ

ಇದನ್ನು ಹೊಸ ಅಂಚು ತರಿಸುವುದಕ್ಕೆ ಮೊದಲೇ ಮಾಡಬೇಕಿತ್ತು. ಎಂಟು ಇಂಚಿನ ವೂಫರು ಎಂದರೆ ಅದರಲ್ಲಿ ಯಾವುದೂ ಎಂಟು ಇಂಚು ಇರುವುದಿಲ್ಲ. ಕೋನಿನ ಅಡ್ಡಳತೆ, ಅಂಚಿನ ಉಬ್ಬಿನ ಅಗಲ, ಫ್ರೇಮಿನ ಒಳ ಅಂಕಣ, ಹೊರ ಅಂಕಣ ಎಲ್ಲವನ್ನೂ ಮಿಲಿಮೀಟರಿನಲ್ಲಿ, ಮರದ ಸ್ಕೇಲಿನಲ್ಲಿ ತೆಗೆಯಿರಿ. ಅಂಚು ಕೋನಿನ ಮೇಲುಗಡೆ ಅಂಟಿದೆಯೋ ಹಿಂಬದಿಗೋ ನೋಡಿಕೊಳ್ಳಿ. ನಾನು ಟೈಲರ್ ಟೇಪಿನಲ್ಲಿ ಅಳೆದೆ. ಮೊದಲು ತರಿಸಿದ ಜೊತೆ ಈಗ ನೀರಿನ ಕೊಡದ ಸಿಂಬಿಯಾಗಿ ಚೆನ್ನಾಗಿ ಕೆಲಸ ಮಾಡುತ್ತಿದೆ.

ಫೋಮೇ ಯಾಕೆ, ರಬ್ಬರ್ ಹಾಕಿಸಿ ಎಂಬ ಪ್ರಶ್ನೆ ಇಲ್ಲೇ ಬರುತ್ತದೆ. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವವರು ನನಗೂ ಅದನ್ನೇ ಹೇಳಿದರು. “ರಬ್ಬರ್ ಎಡ್ಜ್ ಹಾಕ್ಬಿಡಿ ಸಾರ್, ನೀವು ಇರೋವರೆಗೂ ನೋಡೋ ಹಾಗಿಲ್ಲ.” ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ, ಬ್ಯುಟೈಲ್ ರಬ್ಬರು ನೀರಿಗೆ ಜಗ್ಗುವುದಿಲ್ಲ. ಆದರೆ ಅದು ಭಾರ. ಹಗುರ ಅಂಚನ್ನು ಲೆಕ್ಕ ಹಿಡಿದು ಕೋನು, ಸುರುಳಿ, ಪೆಟ್ಟಿಗೆಯ ಗಾತ್ರ, ಕೊಳವೆಯ ಉದ್ದ ಎಲ್ಲ ಗೊತ್ತು ಮಾಡಿರುತ್ತಾರೆ. ಕುದುರೆಗೆ ಎತ್ತಿನ ಲಾಳ ಹೊಡೆದರೆ ನಡೆಯುತ್ತದೆ, ಆದರೆ ಕುದುರೆಯ ಹಾಗಲ್ಲ. ಮೃದಂಗದ ಎಡಕ್ಕೆ ಕಚೇರಿಗೆ ಕೂರುವ ಮುಂಚೆ ರವೆ ಕಲಸಿ ಹಚ್ಚುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ‘ಪದೇ ಪದೇ ಯಾಕೆ, ಸಿಮೆಂಟು ಹಚ್ಚಿಬಿಡಿ’ ಎಂದು ಯಾರೂ ಹೇಳಿದ್ದಿಲ್ಲ. ಮತ್ತೆ ಫೋಮೇ ಹಾಕಿದೆ. ನನಗೆ ಈಗ ಐವತ್ತೆರಡು, ಇದು ಹದಿನೈದು ವರ್ಷ ಬಂದರೆ ಅರವತ್ತೇಳಕ್ಕೆ ಇನ್ನೊಂದು ಸಲ ಹಾಕಬೇಕು. ಆಗ ಕೈ ನಡುಗದಿದ್ದರೆ ಸಾಕು.

ಹಂತ 3: ಕೆರೆಯುವುದು

ಒಂದು ವೂಫರಿಗೆ ಎರಡು ಗಂಟೆ. ಫ್ರೇಮಿನ ಮೇಲಿರುವ ರಟ್ಟಿನ ಬಳೆಯನ್ನು ಚಾಕು ತೂರಿಸಿ ಮುರಿಯದಂತೆ ಎಬ್ಬಿಸಿ ತೆಗೆದಿಡಿ, ಕೊನೆಗೆ ಬೇಕು. ಹಳೆಯ ಫೋಮು ಒಣಗಿದಲ್ಲಿ ಪುಡಿ, ತೇವ ನಿಂತಲ್ಲಿ ಹಳೆ ಜೋನಿ ಬೆಲ್ಲ. ಫ್ರೇಮಿನ ಮೇಲಿನದನ್ನು ಧೈರ್ಯವಾಗಿ ಹೆರೆಯಬಹುದು, ಅದು ಕಬ್ಬಿಣ. ಕೋನಿನ ಅಂಚಿನಲ್ಲಿರುವುದನ್ನು ಮಾತ್ರ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ನೆನೆಸಿ, ಉಗುರಿನಲ್ಲಿ ಉಜ್ಜಿ ಉಜ್ಜಿ ಎಬ್ಬಿಸಬೇಕು. ಜಾಸ್ತಿ ಸುರಿದರೆ ಕಾಗದ ನೆನೆದು ಹಪ್ಪಳದ ಹಿಟ್ಟಾಗುತ್ತದೆ. ಬಿದ್ದ ಪುಡಿ ಫ್ರೇಮಿನ ಕಾಲುಗಳ ನಡುವೆ ಹಾದು ಹಿಂದಿನ ಸುರುಳಿಯ ಸಂದಿಗೆ ಹೋಗದಂತೆ ವೂಫರನ್ನು ಓರೆಯಾಗಿ ಹಿಡಿಯಿರಿ. ಸಂಜೆ ಹೊತ್ತಿಗೆ ಉಗುರುಗಳ ಒಳಗೆಲ್ಲ ಕಪ್ಪು. ಒಂದು ವಾರ ತುತ್ತು ಕಲಸುವಾಗ ನೀವು ಏನು ಕೆಲಸ ಮಾಡುತ್ತಿದ್ದೀರಿ ಎಂದು ಊಟಕ್ಕೆ ಕೂತವರಿಗೆಲ್ಲ ತಿಳಿಯುತ್ತದೆ.

ಮಗಳು ಇದೇ ಹೊತ್ತಿಗೆ ಬೆಂಗಳೂರಿನಿಂದ ವಿಡಿಯೋ ಕಾಲ್ ಮಾಡಿದಳು. “ಅಪ್ಪ, ಅಷ್ಟು ಕಷ್ಟ ಯಾಕೆ? ಒಂದು ಬ್ಲೂಟೂತ್ ಕಳಿಸ್ತೀನಿ, ಅಂಗೈಯಷ್ಟಿರುತ್ತೆ.” ಕೈಯಲ್ಲಿ ಹತ್ತಿ, ಹತ್ತಿಯಲ್ಲಿ ಸ್ಪಿರಿಟ್ಟು ಇರುವಾಗ ವಾದಕ್ಕೆ ಇಳಿಯಬಾರದು. ಆಗಲಿ ಎಂದೆ. ಅದು ಬಂದಿದೆ. ಅಡುಗೆಮನೆಯಲ್ಲಿ ಕುಕ್ಕರಿನ ಪಕ್ಕ ಹಾಡುತ್ತದೆ.

ಹಂತ 4: ಕೋನಿಗೆ ಅಂಟಿಸುವುದು

ಯಾವ ಅಂಟು ಎಂಬುದರ ಮೇಲೆ ಜನ ಕಚ್ಚಾಡುತ್ತಾರೆ. ಕಾಂಟ್ಯಾಕ್ಟ್ ಅಂಟು ಮುಟ್ಟಿದ ಕ್ಷಣಕ್ಕೆ ಹಿಡಿಯುತ್ತದೆ. ಕೈ ಪಳಗಿದವರಿಗೆ ಸರಿ. ಫೆವಿಕ್ವಿಕ್ ಹತ್ತಿರಕ್ಕೂ ತರಬೇಡಿ, ಅಂಚು ಕೋನಿಗಿಂತ ಮೊದಲು ನಿಮ್ಮ ಹೆಬ್ಬೆರಳಿಗೆ ಅಂಟುತ್ತದೆ. ಬಿಳಿ ಫೆವಿಕಾಲು ನಿಧಾನ. ಆ ನಿಧಾನವೇ ಬೇಕಾದದ್ದು, ಓರೆಯಾದರೆ ಎಳೆದು ಸರಿಮಾಡಲು ಐದು ನಿಮಿಷ ಪುರುಸೊತ್ತು ಕೊಡುತ್ತದೆ. ಮಗುವಿಗೆ ಕಾಡಿಗೆ ತೀಡುವಷ್ಟು ತೆಳುವಾಗಿ ಬ್ರಶ್ಶಿನಲ್ಲಿ ಹಚ್ಚಿ, ಅಂಚು ಕೂರಿಸಿ, ಸುತ್ತ ಬೆರಳಾಡಿಸಿ ಒತ್ತುತ್ತ ಬನ್ನಿ. ಅಂಟು ಹಿಡಿದು ಗಟ್ಟಿಯಾಗುವವರೆಗೆ ಫ್ರೇಮಿನ ಕಡೆಗೆ ಕೈ ಹಾಕಬೇಡಿ.

ಹಂತ 5: ನಡುವಿಗೆ ತರುವುದು

ಕೈಪಿಡಿಯ ಉಳಿದ ಭಾಗ ಕಳೆದುಹೋದರೂ ಈ ಹಾಳೆಯನ್ನು ಇಟ್ಟುಕೊಳ್ಳಿ.

ಕೋನಿನ ಬುಡದಲ್ಲಿ ಒಂದು ಗಿಡ್ಡ ಕೊಳವೆ, ಅದರ ಮೇಲೆ ಕೂದಲಂಥ ತಾಮ್ರದ ತಂತಿಯ ಸುರುಳಿ. ಅದು ಓಡಾಡುವುದು ಆಯಸ್ಕಾಂತದ ಒಂದು ಉಂಗುರದಂಥ ಸಂದಿಯಲ್ಲಿ. ಸುರುಳಿಗೂ ಗೋಡೆಗೂ ನಡುವೆ ಉಳಿಯುವ ಜಾಗ ಒಂದು ಮಿಲಿಮೀಟರಿಗೂ ಎಷ್ಟೋ ಕಡಿಮೆ. ಹಿಂದುಗಡೆ ಸ್ಪೈಡರ್ ಎನ್ನುವ ಹಳದಿ ನೆರಿಗೆಬಟ್ಟೆ ಅದನ್ನು ನಡುವಿನಲ್ಲಿ ಹಿಡಿದಿರುತ್ತದೆ ನಿಜ, ಆದರೆ ಮುಂದಿನ ಅಂಚನ್ನು ನೀವು ಒಂದು ಕೂದಲೆಳೆಯಷ್ಟು ಓರೆಯಾಗಿ ಅಂಟಿಸಿದಿರೋ, ಸುರುಳಿ ಗೋಡೆಗೆ ಮೈ ಉಜ್ಜುತ್ತದೆ. ಆಮೇಲೆ ಹಾಡು ಹಾಡಿದಷ್ಟು ಹೊತ್ತೂ ಹಿಂದೆ ಯಾರೋ ಒಣ ಅಡಿಕೆ ಹಾಳೆ ಎಳೆಯುತ್ತಿರುವ ಸದ್ದು.

ಇದಕ್ಕೆ ಎರಡು ದಾರಿ. ಸುಲಭದ್ದನ್ನು ಆಮೇಲೆ ಹೇಳುತ್ತೇನೆ. ಖಾತ್ರಿಯಾದ ದಾರಿಯೆಂದರೆ, ಕೋನಿನ ನಡುವಿನ ಗುಮ್ಮಟದಂಥ ಟೋಪಿಯನ್ನು ಹೊಸ ಬ್ಲೇಡಿನಿಂದ ಸುತ್ತ ಕೊಯ್ದು ತೆಗೆಯುವುದು. ಸುಸ್ಥಿತಿಯಲ್ಲಿರುವ ಒಂದೇ ಒಂದು ಭಾಗಕ್ಕೆ ನೀವಾಗಿಯೇ ಬ್ಲೇಡು ಹಾಕುವ ಗಳಿಗೆ ಇದು. ಟೋಪಿ ತೆಗೆದರೆ ಒಳಗೆ ನಡುವೆ ಕಬ್ಬಿಣದ ಕಂಬ, ಅದರ ಸುತ್ತ ಸುರುಳಿಯ ಕೊಳವೆ ಕಾಣುತ್ತದೆ. ಆ ಎರಡರ ಸಂದಿಗೆ ನಾಲ್ಕು ದಿಕ್ಕಿನಲ್ಲೂ ಒಂದೇ ದಪ್ಪದ ತೆಳು ಪಟ್ಟಿ ಇಳಿಸಿದರೆ ಸುರುಳಿ ಅಲ್ಲಾಡದೆ ಸರಿಯಾಗಿ ನಡುವಿಗೆ ನಿಲ್ಲುತ್ತದೆ. ಪಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಫಿಲ್ಮು. ಕ್ಯಾಮೆರಾದ ನೆಗೆಟಿವ್ ಆಗಬಹುದು, ಎಕ್ಸ್‌ರೇ ಆದರೆ ಇನ್ನೂ ವಾಸಿ. ದಪ್ಪ ಒಂದೇ ಸಮ, ಮಡಚಿದರೆ ಮುರಿಯುವುದಿಲ್ಲ.

ನಮ್ಮ ಮನೆಯ ಬೀರುವಿನ ಮೇಲೆ ಎಕ್ಸ್‌ರೇ ಒಂದು ಕಟ್ಟು ಇದೆ. ಎಲ್ಲ ಮನೆಯಲ್ಲೂ ಇರುತ್ತದೆ, ಎಸೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಮೇಲಿದ್ದದ್ದನ್ನು ಎಳೆದು ಕಿಟಕಿಗೆ ಹಿಡಿದೆ. ಎರಡೂ ಕಡೆ ಪಕ್ಕೆಲುಬು, ನಡುವೆ ಮಬ್ಬು ಮಬ್ಬಾದ ಹೃದಯ. ಹೆಂಡತಿ ಹಿಂದೆ ಬಂದು ನಿಂತಿದ್ದಳು. “ಅದು ಅಪ್ಪಯ್ಯನ ಎದೆ ರೀ!” ಕತ್ತರಿ ಕೈಯಲ್ಲೇ ಉಳಿಯಿತು. ಜಗಲಿ ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅಪ್ಪಯ್ಯ, ಬೇರೆ ಯಾವ ಮಾತೂ ಮೂರು ಸಲ ಹೇಳದೆ ಕೇಳಿಸದವರು, ಇದನ್ನು ಒಂದೇ ಸಲಕ್ಕೆ ಕೇಳಿಸಿಕೊಂಡರು. “ಅದರಲ್ಲಿ ಎಂತ ಇಲ್ಲ ಅಂತ ಡಾಕ್ಟ್ರು ಅವತ್ತೇ ಹೇಳಿದಾರೆ. ಕತ್ತರಿಸು.”

ಅರ್ಧ ಇಂಚು ಅಗಲದ ನಾಲ್ಕು ಪಟ್ಟಿ. ಮೂರು ಸಲೀಸಾಗಿ ಇಳಿದವು, ನಾಲ್ಕನೆಯದು ತುಸು ಬಿಗಿಯಾಗಿತ್ತು. ಬಿಗಿಯಾದ ಕಡೆಗೆ ಸುರುಳಿ ವಾಲಿದೆ ಎಂದು ಅರ್ಥ. ಕೋನನ್ನು ಉಸಿರು ತಾಗಿದಷ್ಟು ಮೆಲ್ಲಗೆ ಇತ್ತ ಸರಿಸಿ ಒತ್ತಿದಾಗ ಅದೂ ಇಳಿಯಿತು. ಬಲಗಡೆಯ ಪಟ್ಟಿಯಲ್ಲಿ ಒಂದು ಪಕ್ಕೆಲುಬಿನ ಬಿಳಿ ಕಮಾನು ಉದ್ದಕ್ಕೂ ಬಂದಿತ್ತು, ಅದರ ತುದಿ ಸಂದಿಯಿಂದ ಮೇಲೆ ಇಣುಕುತ್ತಿತ್ತು. ಹಾಗೇ ನಿಲ್ಲಿಸಿಕೊಂಡು ಫ್ರೇಮಿಗೆ ಫೆವಿಕಾಲ್ ಹಚ್ಚಿ ಅಂಚನ್ನು ಕೂರಿಸಿದೆ.

ಸುಲಭದ ದಾರಿಯಲ್ಲಿ ಟೋಪಿ ಕೊಯ್ಯಬೇಕಿಲ್ಲ. ಫ್ರೇಮಿಗೆ ಅಂಟು ಹಚ್ಚಿ ಅಂಚು ಕೂರಿಸಿದ ಮೇಲೆ, ಎರಡೂ ಹೆಬ್ಬೆರಳನ್ನು ಎದುರುಬದುರು ಇಟ್ಟು ಕೋನನ್ನು ಸಮನಾಗಿ ಒಳಗೆ ಒತ್ತಿ ಬಿಡುವುದು, ಕಿವಿ ಹತ್ತಿರ ಹಿಡಿದು ‘ಸರ್’ ಎನ್ನುತ್ತದೆಯೋ ಎಂದು ಆಲಿಸುವುದು. ಸದ್ದು ಬಂದರೆ ಸ್ವಲ್ಪ ಎಳೆದು ಮತ್ತೆ ಒತ್ತುವುದು. ಅಂಟು ಒಣಗುವವರೆಗೆ ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಇದನ್ನೇ ಮಾಡುವುದು. ಬಲಗಡೆಯದಕ್ಕೆ ಹೀಗೇ ಮಾಡಿದೆ, ಯಾಕೆಂದರೆ ಇನ್ನೊಂದು ಎಕ್ಸ್‌ರೇ ಕೇಳುವ ಮುಖ ಇರಲಿಲ್ಲ. ಅದೂ ಚೆನ್ನಾಗಿಯೇ ಬಂತು. ಹಾಗಿದ್ದರೆ ಮೊದಲನೆಯದನ್ನು ಯಾಕೆ ಕೊಯ್ದೆ ಎಂದು ಕೇಳಬೇಡಿ.

ಹಂತ 6: ಒಣಗಿಸುವುದು

ರಟ್ಟಿನ ಬಳೆಯನ್ನು ಮೇಲೆ ಕೂರಿಸಿ, ಸುತ್ತ ಹದಿನಾರು ಕ್ಲಿಪ್ಪು ಕಚ್ಚಿಸಿ. ನೋಡಲು ಯಕ್ಷಗಾನದ ಕಿರೀಟ. ಪುಸ್ತಕದ ಪ್ರಕಾರ ಇಪ್ಪತ್ತನಾಲ್ಕು ಗಂಟೆ ಸಾಕು. ಪುಸ್ತಕ ಬರೆದವರು ಜುಲೈಯಲ್ಲಿ ತೀರ್ಥಹಳ್ಳಿಗೆ ಬಂದವರಲ್ಲ. ಎರಡು ದಿನ ಕಳೆದರೂ ಸಂದಿಯಲ್ಲಿ ಹೊರಬಂದ ಅಂಟು ಹಾಲಿನ ಕೆನೆಯ ಹಾಗೆ ಬೆಳ್ಳಗೇ ಇತ್ತು. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ಹುಣಸೆಹಣ್ಣಿನ ಪಕ್ಕ ಇಟ್ಟರೆ ಬೇಗ ಆಗುತ್ತದೆ ಎಂಬ ಸಲಹೆ ನಿಮಗೂ ಬರುತ್ತದೆ. ಒಪ್ಪಬೇಡಿ. ಹೊಗೆಯ ವಾಸನೆ ಹಿಡಿದ ವೂಫರು ಯಾವ ರಾಗ ಹಾಡಿದರೂ ಹಂಡೆಯ ನೆನಪೇ ಬರುತ್ತದೆ. ಒಂದಕ್ಕೆ ಮೂರು ದಿನ, ಇನ್ನೊಂದಕ್ಕೆ ಮೂರು ದಿನ. ಆ ಆರು ದಿನವೂ ಹದಿನಾರು ಬಟ್ಟೆ ಕುರ್ಚಿಗಳ ಬೆನ್ನ ಮೇಲೆ, ಕಿಟಕಿ ಸರಳಿನ ಮೇಲೆ, ಒಮ್ಮೆ ಬಲ ಪೆಟ್ಟಿಗೆಯ ಮೇಲೂ ಒಣಗಿದವು. ಹೂದಾನಿ ಇಡಬಾರದು ಎಂದಿದ್ದರು, ಲಂಗದ ವಿಷಯ ಏನೂ ಹೇಳಿರಲಿಲ್ಲ.

ಹಂತ 7: ಕೂಡಿಸುವುದು

ಪಟ್ಟಿಗಳನ್ನು ಎಳೆದು ತೆಗೆದು ಟೋಪಿ ಮತ್ತೆ ಅಂಟಿಸಿ. ಪೆಟ್ಟಿಗೆಗೆ ಇಳಿಸುವ ಮುನ್ನ ಗಡಿಯಾರದ ಸೆಲ್ಲು ತನ್ನಿ. ಸೆಲ್ಲಿನ ಪ್ಲಸ್ ವೂಫರಿನ ಕೆಂಪು ಗುರುತಿಗೆ, ಮೈನಸ್ ಇನ್ನೊಂದಕ್ಕೆ, ಒಂದು ಕ್ಷಣ ತಾಗಿಸಿ ತೆಗೆಯಿರಿ. ಕೋನು ‘ತುಪ್’ ಎಂದು ಮುಂದೆ ಹಾರಬೇಕು, ಎರಡೂ ವೂಫರಿನಲ್ಲಿ. ಆಮೇಲೆ, ಮೊದಲು ಬರೆದಿಟ್ಟ ಚೀಟಿಯ ಪ್ರಕಾರ ವಯರು ಚುಚ್ಚಿ. ಒಂದು ಪೆಟ್ಟಿಗೆಯಲ್ಲಿ ತಿರುವು ಮುರುವಾದರೆ ಒಂದು ಕೋನು ನೂಕುವಾಗ ಇನ್ನೊಂದು ಎಳೆಯುತ್ತದೆ. ಇಷ್ಟೆಲ್ಲ ಮಾಡಿಯೂ ಡಗ್ಗಾ ವಾಪಸು ಬರುವುದಿಲ್ಲ, ನೀವು ಫೋಮಿನವನನ್ನು ಬೈಯುತ್ತ ಕೂರುತ್ತೀರಿ. ಚೀಟಿ ಎಲ್ಲಿಟ್ಟಿರಿ ಎಂದು ಹುಡುಕಿ. ಅಷ್ಟರಲ್ಲಿ ಗಡಿಯಾರ ಹತ್ತೂವರೆಗೆ ನಿಂತಿರುತ್ತದೆ, ಅಡುಗೆ ಅದರ ಪ್ರಕಾರ ತಡವಾಗಿರುತ್ತದೆ.

ಹಂತ 8: ಕೇಳುವುದು

ಮೊದಲ ದಿನ ಸಣ್ಣಗೆ ಇಡಿ, ಹೊಸ ಅಂಚು ಬಿಗಿಯಾಗಿರುತ್ತದೆ. ನಾನು ಮೊದಲು ಹಾಕಿದ್ದು 1981ರ ‘ಗೀತಾ’ ಚಿತ್ರದ ಹಾಡು. ಶಂಕರ್‌ನಾಗ್ ಚಿತ್ರ, ಇಳಯರಾಜ ಸಂಗೀತ. ಹಾಡು ಬಾಯಿಪಾಠ ಎಂದುಕೊಂಡಿದ್ದೆ. ಆದರೆ ಹಾಡಿನ ಅಡಿಯಲ್ಲಿ ಬಾಸ್ ಗಿಟಾರು ತನ್ನಷ್ಟಕ್ಕೆ ಇನ್ನೊಂದು ಹಾಡು ಹೇಳಿಕೊಳ್ಳುತ್ತಿತ್ತು. ಅಂಥದೊಂದು ಅಲ್ಲಿದೆ ಎಂಬುದನ್ನೇ ಮರೆತಿದ್ದೆ. ಆಮೇಲೆ ದಾಸವಾಣಿ. ಎರಡನೆಯ ಆವರ್ತಕ್ಕೆ ಡಗ್ಗಾ ಬಂದು ಕೂತಿತು, ಹೋಗಿಯೇ ಇರಲಿಲ್ಲ ಎಂಬಂತೆ.

ಅಪ್ಪಯ್ಯ ಕುರ್ಚಿಯ ಕೈಯಿಂದ ಅಂಗೈ ತೆಗೆದರು, ಮತ್ತೆ ಇಟ್ಟರು. “ಪಕ್ಕದ ತೋಟದವರು ಪಂಪ್‌ಸೆಟ್ ಶುರು ಮಾಡಿದ್ರಾ?” ಎಂದರು. ತಬಲಾ ಅಪ್ಪಯ್ಯ ಎಂದೆ. ಎರಡನೇ ಸಲ ಹೇಳಿದೆ. “ಹೌದನಾ” ಎಂದು, ಕೈಯನ್ನು ಅಲ್ಲೇ ಬಿಟ್ಟುಕೊಂಡು ಕಣ್ಣು ಮುಚ್ಚಿದರು. ಕ್ಯಾಸೆಟ್ಟಿನ ಮೊದಲ ಬದಿ ಮುಗಿದು ‘ಟಕ್’ ಎಂದಾಗ, “ತಿರುಗಿಸಿ ಹಾಕು” ಎಂದರು.

ತೊಂದರೆ ನಿವಾರಣೆ

ಎಡಗಡೆ ಸ್ಪೀಕರು, ‘ಗೀತಾ’ದ ಹಾಡಿನಲ್ಲಿ ಬಾಸ್ ಒಂದು ನಿರ್ದಿಷ್ಟ ಸ್ವರಕ್ಕೆ ಇಳಿದಾಗ ಮಾತ್ರ, ‘ಝುರ್ರ್’ ಎನ್ನುತ್ತದೆ. ಸುರುಳಿ ಉಜ್ಜುತ್ತಿದೆಯೋ ಎಂದು ಹೆಬ್ಬೆರಳಿಟ್ಟು ಒತ್ತಿ ನೋಡಿ: ಇಲ್ಲ. ಟೋಪಿ ಬಿಟ್ಟಿದೆಯೇ: ಇಲ್ಲ. ಸ್ಕ್ರೂ ಸಡಿಲವೇ: ಇಲ್ಲ. ರೆಕಾರ್ಡಿಂಗೇ ಹಾಗಿರಬೇಕು ಎಂದು ತೀರ್ಮಾನಿಸಿ.

ಅವತ್ತೇ ಸಂಜೆ ಕ್ಲಿಪ್ಪು ವಾಪಸು ಮಾಡಿದೆ. ಹೆಂಡತಿ ಕರಾರಿನಂತೆ ಎಣಿಸಿದಳು. “ಹದಿನೈದು.” ಇನ್ನೊಂದು ಸಲ ಎಣಿಸಿದಳು, ನನ್ನ ಮುಂದೆಯೇ, ಒಂದೊಂದನ್ನೇ ಮೇಜಿನ ಮೇಲೆ ಇಡುತ್ತ. ಹದಿನೈದೇ. ಪ್ಲಾಸ್ಟಿಕ್ ಕ್ಲಿಪ್ಪಿಗೆ ನಡುವೆ ಉಕ್ಕಿನ ಸ್ಪ್ರಿಂಗು ಇರುತ್ತದೆ, ವೂಫರಿನ ಬೆನ್ನಿಗೆ ಆಯಸ್ಕಾಂತ ಇರುತ್ತದೆ, ಹಂತ 1ರಲ್ಲಿ ಇದನ್ನು ನಗದೆ ಓದಿ ಎಂದವನು ನಾನೇ. ಪೆಟ್ಟಿಗೆಯ ಪಕ್ಕ ಸುರಿದಿದ್ದ ರಾಶಿಯಿಂದ ಯಾವ ಗಳಿಗೆಯಲ್ಲೋ ಒಂದು ಎದ್ದು ಹೋಗಿ ಬೆನ್ನು ಹಿಡಿದುಕೊಂಡು ಒಳಗೆ ಸೇರಿಬಿಟ್ಟಿತ್ತು.

ಎಂಟು ಸ್ಕ್ರೂ, ಎರಡು ವಯರು. ಅಪ್ಪಯ್ಯ ಒಳಗೆ ಎರಡನೇ ಬದಿ ಕೇಳುತ್ತಿದ್ದರು. ನಾನು ಕೊಡೆ ಹಿಡಿದು ಪೇಟೆಗೆ ಹೋಗಿ ಒಂದು ಡಜನ್ ಹಸಿರು ಕ್ಲಿಪ್ಪು ಕೊಂಡೆ, ಹನ್ನೊಂದನ್ನು ಅಂಗಡಿಯವರಿಗೇ ಬಿಟ್ಟು ಒಂದನ್ನು ಜೇಬಿಗೆ ಹಾಕಿಕೊಂಡು ಬಂದು, ಜಗಲಿಯ ಮೂಲೆಯಲ್ಲಿ ಸಿಕ್ಕಿತು ಎಂದು ಕೊಟ್ಟೆ.

ಅವಳು ಅದನ್ನು ಒಮ್ಮೆ ಒತ್ತಿ ಬಿಟ್ಟಳು, ದೀಪದ ಹತ್ತಿರ ಹಿಡಿದು ನೋಡಿದಳು.

“ಇದು ನಮ್ಮದಲ್ಲ. ನಮ್ಮದರ ಸ್ಪ್ರಿಂಗು ತುಕ್ಕು ಹಿಡಿದಿತ್ತು.”